ಈಜುಕೊಳದ ಬಾಗಿಲು ಈ ಮಕ್ಕಳಿಗೂ ತೆರೆಯಲಿ

ಮಾನ್ಯ ಸಂಪಾದಕರೇ,

ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲದ ನಮ್ಮ ಕೋಲಾರ ಜಿಲ್ಲೆಯಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳ ತಂಡವೊಂದು ನೀರಿನಾಳದ ರೋಬಾಟ್ ಸ್ಪರ್ಧೆಗೆ ಸಿದ್ಧವಾಗುತ್ತಿದ್ದು, ಅದರ ಪರೀಕ್ಷೆಗಳೆಲ್ಲ ಪ್ಲಾಸ್ಟಿಕ್ ಹಾಳೆ ಹೊದಿಸಿದ ಕೃಷಿ ಹೊಂಡದಲ್ಲಿ ನಡೆಯುತ್ತಿವೆ ಎಂಬುದನ್ನು ತಂಡದ ಹುಡುಗಿಯೊಬ್ಬಳ ತಂದೆಯಾಗಿ ತಮ್ಮ ಗಮನಕ್ಕೆ ತರಬಯಸುತ್ತೇನೆ.

ರೇಡಿಯೊ ತರಂಗಗಳು ನೀರಿನಲ್ಲಿ ಹೆಚ್ಚು ದೂರ ಸಾಗುವುದಿಲ್ಲವಾದ್ದರಿಂದ ದಡದಲ್ಲಿ ಕುಳಿತವರು ಉದ್ದನೆಯ ಕೇಬಲ್ ಮೂಲಕವೇ ರೋಬಾಟನ್ನು ನಡೆಸಬೇಕು. ಪ್ರತಿ 10 ಮೀಟರ್ ಆಳಕ್ಕೆ ಸುಮಾರು ಒಂದು ವಾಯುಮಂಡಲದಷ್ಟು, ಅಂದರೆ ಸಮುದ್ರಮಟ್ಟದಲ್ಲಿ ಗಾಳಿ ಹೇರುವಷ್ಟು, ಒತ್ತಡ ಹೆಚ್ಚುತ್ತದೆ. ಆದರೆ ರೋಬಾಟಿನೊಳಗೆ ನೀರು ಸೋರದಂತೆ ಮುಚ್ಚಳಕ್ಕೆ ಹಾಕುವ ರಬ್ಬರ್ ಉಂಗುರದ ಮೇಲೆ ಒಂದು ಕೂದಲೆಳೆ ಕೂತಿದ್ದರೆ ಎರಡೇ ಮೀಟರ್ ಆಳದಲ್ಲಿ ನೀರು ಒಳನುಗ್ಗೀತು. ಕಳೆದ ತಿಂಗಳು ಆದದ್ದೂ ಅದೇ. ರೋಬಾಟ್ ಮುಳುಗದೆ, ತೇಲದೆ ನೀರಿನ ನಡುವೆ ನಿಲ್ಲಬೇಕೆಂದು ಮಕ್ಕಳು ಪಿವಿಸಿ ಪೈಪಿನ ಚೌಕಟ್ಟಿಗೆ ಥರ್ಮಾಕೋಲ್ ತುಂಡುಗಳನ್ನೂ ಕಬ್ಬಿಣದ ನಟ್ಟುಗಳನ್ನೂ ಕಟ್ಟಿ ಬಿಚ್ಚುತ್ತಾ ಸಂಜೆಗಳನ್ನೇ ಕಳೆಯುತ್ತಾರೆ. ಹೊಂಡ ಕದಡಿತೆಂದರೆ ಕ್ಯಾಮೆರಾಕ್ಕೆ ಕೆಂಪುಮಣ್ಣಿನ ಹೊರತು ಏನೂ ಕಾಣದು. ಮೇಲಾಗಿ, ಆ ಹಾಳೆಯ ಮೇಲೆ ಕಾಲು ಜಾರಿದರೆ ಈಜು ಬಲ್ಲವರಿಗೂ ಮೇಲೆ ಹತ್ತುವುದು ಕಷ್ಟ (ಹಗ್ಗ ಕಟ್ಟಿಕೊಳ್ಳದೆ ಅಂಚಿಗೂ ಹೋಗಕೂಡದೆಂದು ಗದರಿದ್ದೇನೆ).

ಈಜುಕೊಳವೊಂದರಲ್ಲಿ ಅವಕಾಶ ಕೇಳಿದಾಗ ‘ಇದು ಕ್ರೀಡೆಯಲ್ಲ’ ಎಂಬ ಉತ್ತರ ಬಂತು. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯು ಮೂವರನ್ನು 6000 ಮೀಟರ್ ಆಳಕ್ಕೆ ಒಯ್ಯಬಲ್ಲ ‘ಮತ್ಸ್ಯ 6000’ ನೌಕೆಯನ್ನು ರೂಪಿಸುತ್ತಿರುವ ಕಾಲದಲ್ಲಿ ಈ ಮಾತು ಒಪ್ಪತಕ್ಕದ್ದಲ್ಲ. ಈಜುಗಾರರಿಲ್ಲದ ಮಧ್ಯಾಹ್ನದ ವೇಳೆ, ವಾರಕ್ಕೆ ಎರಡು ದಿನವಾದರೂ, ಜೀವರಕ್ಷಕರ ಸಮ್ಮುಖದಲ್ಲಿ ಕೊಳವನ್ನು ಒದಗಿಸುವಂತೆ ಜಿಲ್ಲಾಡಳಿತ ಸೂಚಿಸಬೇಕೆಂದು ವಿನಂತಿ. ಶುಲ್ಕ ಕಟ್ಟಲು ಪೋಷಕರು ಸಿದ್ಧರಿದ್ದೇವೆ.

– ಒಬ್ಬ ಪೋಷಕ, ಕೋಲಾರ