ಎಡ್ಮಂಡ್ ಬರ್ಕ್ ಅವರಿಗೆ ಮೈಸೂರು ಸೀಮೆಯಿಂದ ಒಂದು ಬಹಿರಂಗ ಪತ್ರ

ಮಾನ್ಯ ಬರ್ಕ್ ಅವರೇ,

ಡಬ್ಲಿನ್ನಿನ ವಕೀಲರೊಬ್ಬರ ಮಗನಾಗಿ ಹುಟ್ಟಿ, ದೊಡ್ಡ ಮನೆತನದ ಬಲವಿಲ್ಲದೆ ಬಂದು, 1765ರ ಕೊನೆಯಿಂದ 1794ರವರೆಗೆ ಬ್ರಿಟಿಷ್ ಸಂಸತ್ತಿನ ಕೆಳಮನೆಯಾದ ಕಾಮನ್ಸ್ ಸಭೆಯಲ್ಲಿ ಕುಳಿತವರು ನೀವು. ನೀವು ಮಾತಿಗೆ ಎದ್ದೊಡನೆ ಸದಸ್ಯರು ಎದ್ದು ಹೋಗುತ್ತಿದ್ದರೆಂದು ನಿಮಗೆ ‘ಊಟದ ಗಂಟೆ’ ಎಂಬ ಅಡ್ಡಹೆಸರೇ ಬಿದ್ದಿತ್ತು. ನಿಮ್ಮ ಭಾಷಣಗಳನ್ನು ಓದಿದವನಾಗಿ, ಅವರ ಮೇಲೆ ನನಗೆ ಕೋಪವೇನೂ ಇಲ್ಲ.

1774ರ ನವೆಂಬರಿನಲ್ಲಿ ಇಂಗ್ಲೆಂಡಿನ ವ್ಯಾಪಾರಿ ನಗರ ಬ್ರಿಸ್ಟಲ್‌ನ ಮತದಾರರ ಎದುರು ನಿಂತು, ಪ್ರತಿನಿಧಿ ತನ್ನ ದುಡಿಮೆಯ ಜೊತೆಗೆ ವಿವೇಚನೆಯನ್ನೂ ಕೊಡಬೇಕು, ಅದನ್ನು ಮತದಾರರ ಅಭಿಪ್ರಾಯಕ್ಕೆ ಬಲಿಕೊಟ್ಟರೆ ಅದು ದ್ರೋಹ ಎಂದಿರಿ. ಗೆದ್ದ ದಿನವೇ ಹೀಗೆ ಹೇಳುವ ಎದೆಗಾರಿಕೆ ಎಷ್ಟು ಜನಕ್ಕಿದೆ? ನುಡಿದಂತೆ ನಡೆದಿರಿ ಕೂಡ. ಐರ್ಲೆಂಡಿನ ವ್ಯಾಪಾರದ ನಿರ್ಬಂಧ ಸಡಿಲಿಸಬೇಕೆಂದು ವಾದಿಸಿ ಬ್ರಿಸ್ಟಲ್ ವರ್ತಕರನ್ನು ಎದುರುಹಾಕಿಕೊಂಡಿರಿ, ಕ್ಯಾಥೊಲಿಕರ ಪರ ನಿಂತಿರಿ. 1780ರಲ್ಲಿ ಗೆಲುವಿನ ಲಕ್ಷಣ ಕಾಣದೆ ಕಣದಿಂದ ಸರಿದಿರಿ.

ಮುಂದಿನದನ್ನು ನಿಮ್ಮ ಅಭಿಮಾನಿಗಳು ಮೆಲ್ಲನೆ ದಾಟಿಬಿಡುತ್ತಾರೆ. ಮಾಲ್ಟನ್ ಎಂಬ ಪುಟ್ಟ ಊರಿನ ಸ್ಥಾನ ನಿಮ್ಮ ಆಶ್ರಯದಾತ ರಾಕಿಂಗ್‌ಹ್ಯಾಮ್ ಪ್ರಭುವಿನ ಜೇಬಿನಲ್ಲಿತ್ತು, ಅವನು ಹೇಳಿದವರೇ ಅಲ್ಲಿ ಗೆಲ್ಲುತ್ತಿದ್ದರು. ಅಲ್ಲಿಂದ ಸಂಸತ್ತಿಗೆ ಮರಳಿ, ಕೊನೆಯವರೆಗೂ ಅಲ್ಲಿಯೇ ಉಳಿದಿರಿ. ಮತದಾರರ ಆಜ್ಞೆಗೆ ಒಳಪಡೆನೆಂದವರಿಗೆ ಆಜ್ಞೆಯನ್ನೇ ಮಾಡದ ಮತದಾರರು ಸಿಕ್ಕರು. ಬೊಕ್ಕಸದ ದುಂದಿನ ವಿರುದ್ಧ ಹೋರಾಡಿದ ನೀವು 1782ರಲ್ಲಿ ಸೇನೆಯ ವೇತನ ಖಾತೆ ಕೈಗೆ ಬಂದಾಗ ಮಗನನ್ನೇ ಸಹಾಯಕನನ್ನಾಗಿ ಮಾಡಿಕೊಂಡಿರಿ. ನಮ್ಮಲ್ಲಿ ಇದನ್ನು ಕೇಳಿ ಯಾರೂ ಹುಬ್ಬೇರಿಸುವುದಿಲ್ಲ, ಬಿಡಿ.

ಆದರೂ ಅದೇ ಸ್ಥಾನದಿಂದ, 1785ರ ಫೆಬ್ರವರಿ 28ರಂದು, ಆರ್ಕಾಟಿನ ನವಾಬನ ಸಾಲಗಳ ಬಗ್ಗೆ ಮಾತಾಡಿದಿರಿ. ಈಸ್ಟ್ ಇಂಡಿಯಾ ಕಂಪನಿಯ ನೌಕರರೇ ನವಾಬನಿಗೆ ಬಡ್ಡಿಗೆ ಸಾಲ ಕೊಡುವುದು, ಅದರ ವಸೂಲಿ ರೈತನ ಕಂದಾಯದಿಂದ ನಡೆಯುವುದು, ಪಾಲ್ ಬೆನ್‌ಫೀಲ್ಡ್‌ನಂತೆ ಸಾಲ ಕೊಟ್ಟವರು ಲಂಡನ್ನಿನಲ್ಲಿ ಸಂಸದರಾಗಿ ಮೆರೆಯುವುದು: ಎಲ್ಲವನ್ನೂ ಬಯಲಿಗೆಳೆದಿರಿ. ಆ ಭಾಷಣದಲ್ಲೇ ನಮ್ಮ ಹೈದರಾಲಿ ಬರುತ್ತಾನೆ, ಬೆಟ್ಟಗಳ ಮೇಲೆ ಕವಿದು 1780ರಲ್ಲಿ ಬಯಲಿನ ಮೇಲೆ ಒಡೆದ ಕಾರ್ಮೋಡವಾಗಿ. ಉರಿದ ಹಳ್ಳಿಗಳ ವರ್ಣನೆಗಾಗಿ ನಾನು ಜಗಳಕ್ಕೆ ಬರುವುದಿಲ್ಲ. ಆ ದಂಡಯಾತ್ರೆಯ ಸಂಕಟ ನಿಜ. ಯಾವ ಒಪ್ಪಂದಕ್ಕೂ ಕಟ್ಟುಬೀಳದವರೊಡನೆ ಅವನು ಕಾದಬೇಕಾಯಿತೆಂದೂ ಹೇಳಿದಿರಿ. ನಾನಾಗಿದ್ದರೆ ಅಲ್ಲಿಂದಲೇ ಶುರುಮಾಡುತ್ತಿದ್ದೆ: 1769ರಲ್ಲಿ ಮದ್ರಾಸಿನಲ್ಲಿ ಪರಸ್ಪರ ನೆರವಿನ ಒಪ್ಪಂದಕ್ಕೆ ಸಹಿ ಹಾಕಿದ ಕಂಪನಿ, ಮರಾಠರು ಮೈಸೂರಿನ ಮೇಲೆ ಏರಿ ಬಂದಾಗ ಕೈಕಟ್ಟಿ ಕುಳಿತಿತು, 1779ರಲ್ಲಿ ಹೈದರನ ವಿರೋಧವನ್ನು ಲೆಕ್ಕಿಸದೆ ಮಲಬಾರ್ ಕರಾವಳಿಯ ಫ್ರೆಂಚರ ಬಂದರು ಮಾಹೆಯನ್ನು ಹಿಡಿಯಿತು.

ಕಂಪನಿಯ ಗವರ್ನರ್ ಜನರಲ್ ಆಗಿದ್ದ ವಾರನ್ ಹೇಸ್ಟಿಂಗ್ಸ್ ಮೇಲೆ ನೀವು ಮುಂದೆ ನಿಂತು ನಡೆಸಿದ ವಿಚಾರಣೆ 1788ರಿಂದ 1795ರವರೆಗೆ ಎಳೆದು, ಕೊನೆಗೆ ಆತ ಖುಲಾಸೆಯಾದ. ಒಮ್ಮೆಯೂ ಕಾಣದ ದೇಶಕ್ಕಾಗಿ ನೀವು ಅಷ್ಟು ವರ್ಷ ಸವೆಸಿದಿರಿ. ಬ್ರಿಸ್ಟಲ್ ವರ್ತಕರು ಇದನ್ನು ಸಹಿಸುತ್ತಿದ್ದರೇ? ಇಲ್ಲವೆಂದೇ ನನ್ನ ಊಹೆ. ಮತದಾರರಿಂದ ತಪ್ಪಿಸಿಕೊಂಡದ್ದರಿಂದಲೇ ಮತವಿಲ್ಲದವರ ಪರ ಮಾತಾಡಲು ನಿಮಗೆ ಬಿಡುವು ಸಿಕ್ಕಿತು ಎಂಬುದು, ಪ್ರತಿ ಚುನಾವಣೆಯಲ್ಲೂ ಸರದಿಯಲ್ಲಿ ನಿಂತು ಮತ ಹಾಕುವ ನನಗೆ ಸುಲಭವಾಗಿ ಜೀರ್ಣವಾಗುತ್ತಿಲ್ಲ. ಸಂಸತ್ತಿನ ಪ್ರಾತಿನಿಧ್ಯದ ಸುಧಾರಣೆಯನ್ನು ವಿರೋಧಿಸುವಾಗ ನಿಮ್ಮ ಮನಸ್ಸಿನಲ್ಲಿದ್ದದ್ದು ಈ ಲೆಕ್ಕಾಚಾರವೇ, ಅಥವಾ ಮಾಲ್ಟನ್ನಿನ ಸುಖವೇ?

ಇಂತಿ,
ನಿಮ್ಮ ಯಾವ ಕ್ಷೇತ್ರಕ್ಕೂ ಸೇರದ ಒಬ್ಬ ಓದುಗ