ಏಪ್ರಿಲ್ 10 ಆದ ಮೇಲೆ

ಈ ಸಂಚಿಕೆ ನಿಮ್ಮ ಕೈ ಸೇರುವ ಹೊತ್ತಿಗೆ ಊರಿನ ಶಾಲೆಗಳಿಗೆ ಬೀಗ ಬಿದ್ದಿರುತ್ತದೆ. ಏಪ್ರಿಲ್ 10 ಅಂದರೆ ಸಾಕು, ನಮ್ಮ ವಯಸ್ಸಿನವರಿಗೆ ಈಗಲೂ ಹೊಟ್ಟೆಯೊಳಗೆ ಒಂಥರಾ ಆಗುತ್ತದೆ. ಪಾಸೋ ಫೇಲೋ ಗೊತ್ತಾಗುತ್ತಿದ್ದ ದಿನ ಅದು. ಈಗಿನ ಮಕ್ಕಳಿಗೆ ಆ ಭಯ ಅಷ್ಟಿಲ್ಲ. ಪ್ರಗತಿ ಪತ್ರದಲ್ಲಿ ಗ್ರೇಡು ಬರೆದು ಕೊಡುತ್ತಾರೆ, ಅದನ್ನು ಬ್ಯಾಗಿಗೆ ತುರುಕಿಕೊಂಡು ಓಡುತ್ತಾರೆ. ಆದರೂ ತಾರೀಖು ಮಾತ್ರ ಹೆಚ್ಚು ಕಡಿಮೆ ಅದೇ. ಮಾರನೇ ದಿನದಿಂದ ಬೇಸಿಗೆ ರಜೆ. ಮತ್ತೆ ಮೇ ಕೊನೆಗೆ ಮಾವಿನ ತೋರಣ, ಪ್ರಾರಂಭೋತ್ಸವ, ಸಿಹಿ ಊಟ.

ಇಲ್ಲಿ ಬ್ರಿಟನ್ನಿನಲ್ಲಿ ನಮ್ಮ ಮಕ್ಕಳಿಗೆ ಈಗ ಈಸ್ಟರ್ ರಜೆ. ಟರ್ಮ್ ಮುಗಿಯಿತು ಅಂತ ಶಾಲೆಯಿಂದ ಚಂದದ ಸುದ್ದಿಪತ್ರ ಬರುತ್ತದೆ. ಕೇಕ್ ಮಾರಿ ಎಷ್ಟು ದುಡ್ಡಾಯಿತು, ಯಾರ ಜಾಕೆಟ್ಟು ಕಳೆದಿದೆ, ಎಲ್ಲಾ ಅದರಲ್ಲೇ. ಸಕಲೇಶಪುರ ತಾಲ್ಲೂಕಿನಲ್ಲಿ ನಾನು ಓದಿದ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ಸುದ್ದಿಪತ್ರ ಇಲ್ಲ. ಹಳೇ ವಿದ್ಯಾರ್ಥಿಗಳ ವಾಟ್ಸ್ಯಾಪ್ ಗುಂಪಿದೆ. ಗುಡ್ ಮಾರ್ನಿಂಗ್ ಗುಲಾಬಿಗಳನ್ನು ಸರಿಸಿ ನೋಡಿದರೆ ಸುದ್ದಿಯೂ ಸಿಗುತ್ತದೆ. ಈ ಸಲದ ಸಂಪಾದಕೀಯಕ್ಕೆ ಅಲ್ಲಿಂದಲೇ ಹೆಕ್ಕಿದ್ದೇನೆ. ಅದರ ನೆಪದಲ್ಲಿ ನಮ್ಮ ಸಂಘದವರಿಗೆ ಒಂದು ಮಾತು ಹೇಳುವುದೂ ಇದೆ.

ಏಳನೇ ಕ್ಲಾಸಿನವರ ಬೀಳ್ಕೊಡುಗೆ ಆಯಿತು. ಗುಂಪು ಫೋಟೋ ಬಂದಿದೆ. ನನಗೆ ಮೊದಲು ಕಣ್ಣಿಗೆ ಬಿದ್ದಿದ್ದು ಮುಂದಿನ ಕುರ್ಚಿ ಸಾಲು. ಹೆಡ್ ಮಿಸ್ಸಿನ ಪಕ್ಕದಲ್ಲಿ ಬಿಸಿಯೂಟದ ಅಕ್ಕಂದಿರು ಕೂತಿದ್ದಾರೆ. ಹೊಸ ಸೀರೆ, ಕೈ ಮಡಿಲಲ್ಲಿ, ಮುಖ ಬಿಗಿ. ಮೊದಲೆಲ್ಲ ಫೋಟೋ ತೆಗೆಯುವ ಹೊತ್ತಿಗೆ ಅವರು ಒಳಗೆ ಸಾರು ಕುದಿಸುತ್ತಿರುತ್ತಿದ್ದರು. ಯಾರಿಗೆ ಹೊಳೆಯಿತೋ, ಒಳ್ಳೇದಾಯಿತು. ಸಾಲಿನ ತುದಿಯಲ್ಲಿ ನಿಂತಿರುವವರು ಅತಿಥಿ ಶಿಕ್ಷಕಿ. ಕಾಯಂ ಶಿಕ್ಷಕರಿಗೆ ರಜೆ ಅಂದರೆ ರಜೆ. ಇವರಿಗೆ ಶೈಕ್ಷಣಿಕ ವರ್ಷ ಮುಗಿದರೆ ಕೆಲಸವೂ ಮುಗಿಯಿತು, ಗೌರವಧನವೂ ನಿಂತಿತು. ಶಾಲೆ ಶುರುವಾದ ಮೇಲೆ ಮತ್ತೆ ಅರ್ಜಿ. ಅವರಿಗೆ ಕೊಟ್ಟ ಬೀಳ್ಕೊಡುಗೆ ನಿಜವಾದ ಬೀಳ್ಕೊಡುಗೆಯೋ ಅಲ್ಲವೋ ಅಂತ ಅವರಿಗೇ ಗೊತ್ತಿರುವುದಿಲ್ಲ.

ಹೋಗುವ ಮಕ್ಕಳು ದುಡ್ಡು ಹಾಕಿ ಶಾಲೆಗೆ ಗೋಡೆ ಗಡಿಯಾರ ಕೊಟ್ಟಿದ್ದಾರೆ. ಇದು ಹಳೇ ಸಂಪ್ರದಾಯ. ನಮ್ಮ ಬ್ಯಾಚೂ ಗಡಿಯಾರವನ್ನೇ ಕೊಟ್ಟಿತ್ತು. ಆಫೀಸ್ ರೂಮಿನ ಗೋಡೆ ತುಂಬ ಗಡಿಯಾರ, ಒಂದೊಂದರದ್ದು ಒಂದೊಂದು ಟೈಮು. ಸೆಲ್ಲು ಹಾಕುವುದು ಯಾವ ಬ್ಯಾಚಿನ ಜವಾಬ್ದಾರಿ ಅಂತ ಎಲ್ಲೂ ಬರೆದಿಲ್ಲ.

ಇನ್ನೊಂದು ವಿಡಿಯೋ. ನವೆಂಬರಿನಲ್ಲಿ ಕಾಫಿ ಕೊಯ್ಲು ಶುರುವಾದರೆ ತೋಟದ ಲೈನ್ ಮನೆಗಳಿಗೆ ಉತ್ತರ ಕರ್ನಾಟಕದಿಂದ, ಅಸ್ಸಾಂನಿಂದ ಕೂಲಿಗೆ ಕುಟುಂಬಗಳು ಬರುತ್ತವೆ. ಮೊದಲು ಅರೇಬಿಕಾ, ಆಮೇಲೆ ರೋಬಸ್ಟಾ, ಮಾರ್ಚಿನ ತನಕ ಕೆಲಸ. ಮಕ್ಕಳು ಈ ಶಾಲೆಗೇ ಸೇರುತ್ತಾರೆ. ಅಸ್ಸಾಂನ ಒಂದು ಹುಡುಗಿ ನಲಿ-ಕಲಿ ಕೋಣೆಯಲ್ಲಿ ನೆಲದ ಮೇಲೆ ಕೂತು ಕಾರ್ಡು ನೋಡಿ ಓದುತ್ತಿದ್ದಾಳೆ. 'ಅಗಸ' ಅನ್ನುವುದನ್ನು ಸಲೀಸಾಗಿ ಓದಿ, ಪಕ್ಕದ ಹುಡುಗ ತಪ್ಪು ಓದಿದ್ದಕ್ಕೆ 'ಹಂಗಲ್ವೋ' ಅಂತ ತಲೆಗೆ ಒಂದು ಕೊಟ್ಟಳು. ಅಪ್ಪಟ ನಮ್ಮೂರ ಕನ್ನಡ. ನಮ್ಮ ಭಾನುವಾರದ ಕನ್ನಡ ಕ್ಲಾಸಿಗೆ ಮಕ್ಕಳನ್ನು ಎಳೆದು ತರುವ ಅಪ್ಪ ಅಮ್ಮಂದಿರು ಇದನ್ನು ನೋಡಬೇಕು. ಅವಳಿಗೆ ಭಾಷೆ ಬಂದಿದ್ದು ಆಟದ ಜೊತೆಗಾರರಿಂದ. ನಾವು ವಾರಕ್ಕೊಮ್ಮೆ ವರ್ಕ್‌ಶೀಟ್ ಕೊಟ್ಟು ಕಾಯುತ್ತೇವೆ.

ಕೊಯ್ಲು ಮುಗಿಯಿತು, ಆ ಕುಟುಂಬ ಹೊರಟಿತು. ಪರೀಕ್ಷೆಗೆ ಅವಳಿರಲಿಲ್ಲ. ಟಿ.ಸಿ. ಕೇಳಲೂ ಬಂದಿಲ್ಲ. ಪ್ರತಿ ಮಗುವಿಗೂ ಸ್ಯಾಟ್ಸ್ ಅನ್ನುವ ರಾಜ್ಯದ ಆನ್‌ಲೈನ್ ದಾಖಲೆಯ ನಂಬರು ಇರುತ್ತದೆ. ರಾಜ್ಯದೊಳಗೆ ಬೇರೆ ಶಾಲೆಗೆ ಹೋದರೆ ಆ ನಂಬರಿನಿಂದ ದಾಖಲೆ ಹುಡುಕಿಕೊಳ್ಳಬಹುದು. ಗಡಿ ದಾಟಿದರೆ ಕಷ್ಟ. ಮಿಸ್ಸು ಈಗಲೂ ಹಾಜರಿ ಪುಸ್ತಕದಲ್ಲಿ ಅವಳ ಹೆಸರು ಇಟ್ಟುಕೊಂಡಿದ್ದಾರಂತೆ, ಮುಂದಿನ ಕೊಯ್ಲಿಗೆ ಬಂದರೂ ಬಂದಾಳು ಅಂತ.

ಊಟದ ಸುದ್ದಿಗೆ ಬರೋಣ. ಕ್ಷೀರಭಾಗ್ಯ ಶುರುವಾಗಿದ್ದು 2013ರ ಆಗಸ್ಟ್ 1ಕ್ಕೆ. ಮಗುವಿಗೆ 150 ಮಿಲಿ ಬಿಸಿ ಹಾಲು, ಪುಡಿಯಿಂದ ಕಾಸಿದ್ದು. ಬೆಳಿಗ್ಗೆ ಮನೆಯ ಹಾಲನ್ನು ಡೇರಿಗೆ ಹಾಕಿ ಬಂದ ಹುಡುಗನೇ ಶಾಲೆಯಲ್ಲಿ ಪುಡಿ ಹಾಲು ಕುಡಿಯುತ್ತಾನೆ. ನಗು ಬರುತ್ತದೆ, ಆದರೆ ಮನೆಯಲ್ಲಿದ್ದರೆ ಅವನಿಗೆ ಆ ಲೋಟವೂ ಸಿಗುತ್ತಿತ್ತೋ ಇಲ್ಲವೋ. 2024ರಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವು ಸೇರಿ ಮೊಟ್ಟೆ ವಾರಕ್ಕೆ ಆರು ದಿನ ಆಗಿದೆ. ತಿನ್ನದವರಿಗೆ ಬಾಳೆಹಣ್ಣು. ಮೊದಲು ಚಿಕ್ಕಿಯೂ ಇತ್ತು, 2025ರಲ್ಲಿ ನಿಲ್ಲಿಸಿದರು. 2024ರಲ್ಲಿ ಸರ್ಕಾರದ ಲೆಕ್ಕದಲ್ಲಿ ಮೊಟ್ಟೆಗೆ 6 ರೂಪಾಯಿ ಇತ್ತು. ಅಂಗಡಿಯವನ ಲೆಕ್ಕ ಬೇರೆ ಇರುತ್ತದೆ. ರೇಟು ಏರಿದಾಗ ವ್ಯತ್ಯಾಸ ಎಲ್ಲಿಂದ ಬರುತ್ತದೆ ಅಂತ ಹೆಡ್ ಮಿಸ್ಸನ್ನು ಕೇಳಬೇಡಿ. ಪರ್ಸು ತೋರಿಸುತ್ತಾರೆ.

ಮಕ್ಕಳ ಸಂಖ್ಯೆ ಇಳಿಯುತ್ತಿದೆ. ಖಾಸಗಿ ಶಾಲೆಯ ಹಳದಿ ವ್ಯಾನು ಊರೊಳಗೇ ಬಂದು ಹಾರನ್ ಹೊಡೆಯುತ್ತದೆ. ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಐದನೇ ತನಕದ ತರಗತಿಗಳಲ್ಲಿ ಒಟ್ಟು 60 ಮಕ್ಕಳ ತನಕ ಇಬ್ಬರೇ ಶಿಕ್ಷಕರು. ಮಕ್ಕಳು ಕಮ್ಮಿಯಾದರೆ 'ಹೆಚ್ಚುವರಿ' ಅಂತ ಶಿಕ್ಷಕರನ್ನು ಬೇರೆ ಕಡೆ ಕಳಿಸುತ್ತಾರೆ. ಶಿಕ್ಷಕರು ಕಮ್ಮಿ ಅಂತ ಇನ್ನಷ್ಟು ಮಕ್ಕಳು ವ್ಯಾನು ಹತ್ತುತ್ತಾರೆ. 2019ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆದಾಗ ನಮ್ಮ ಗುಂಪಿನಲ್ಲಿ ಭಾರೀ ಗಲಾಟೆಯಾಗಿತ್ತು. 'ಕನ್ನಡ ಶಾಲೆ ಉಳಿಸಿ' ಅಂತ ಜಾಸ್ತಿ ಬರೆದವರೆಲ್ಲ ದೂರದ ದೇಶದಲ್ಲಿದ್ದವರೇ. ವ್ಯಾನು ಹತ್ತಿಸಿದವರನ್ನು ವಿಮಾನ ಹತ್ತಿದವರು ಬೈಯುವುದು ಸರಿ ಬರುವುದಿಲ್ಲ, ಅಲ್ವಾ?

ಈಗ ಮುಖ್ಯ ವಿಷಯ. ನಮ್ಮಲ್ಲಿ ಊರಿನ ಶಾಲೆಗೆ ಏನಾದರೂ ಮಾಡಬೇಕು ಅನ್ನುವವರು ತುಂಬಾ ಜನ. ಸಂತೋಷ. ಆದರೆ ಏನು ಮಾಡೋಣ ಅಂದರೆ ಬರುವ ಉತ್ತರಗಳು ಸ್ಮಾರ್ಟ್ ಬೋರ್ಡು, ಕಂಪ್ಯೂಟರು, ಗೇಟಿಗೆ ಸ್ವಾಗತ ಕಮಾನು. ಎಲ್ಲಾ ರಿಬ್ಬನ್ ಕತ್ತರಿಸುವಂಥವು. ನಾವು ಊರಿಗೆ ಹೋಗುವುದೂ ಆಗಸ್ಟಿನಲ್ಲಿ, ಮಕ್ಕಳಿಗೆ ಇಲ್ಲಿ ರಜೆ ಇದ್ದಾಗ. ಶಾಲೆಯ ಫ್ಯಾನಿನ ರೆಕ್ಕೆಗಳ ಮೇಲೆ ದಾನಿಗಳ ಹೆಸರಿದೆ. ಕರೆಂಟು ಹೋದಾಗ ಮಾತ್ರ ಓದಬಹುದು. ಸಕಲೇಶಪುರದ ಕಡೆ ಜುಲೈಯಲ್ಲಿ ಆ ಅವಕಾಶ ಬೇಕಾದಷ್ಟು ಸಿಗುತ್ತದೆ.

ಈ ಸಲ ಎಸ್‌ಡಿಎಂಸಿಯವರು, ಅಂದರೆ ಶಾಲಾಭಿವೃದ್ಧಿ ಸಮಿತಿಯವರು, ಕಾಗದದ ಮೇಲೆ ತಮಗೆ ಬೇಕಾದ್ದನ್ನು ಬರೆದು ಫೋಟೋ ಹಾಕಿದ್ದಾರೆ. ಈ ಸಮಿತಿಗಳು ನಮ್ಮ ರಾಜ್ಯದಲ್ಲಿ 2001ರಿಂದ ಇವೆ. ಶಿಕ್ಷಣ ಹಕ್ಕು ಕಾಯ್ದೆ ಬಂದ ಮೇಲೆ ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಹೆಂಗಸರು ಇರಬೇಕು. ಅಂದರೆ ಆ ಪಟ್ಟಿ ಬರೆದವರು ದಿನಾ ಶಾಲೆಗೆ ಮಕ್ಕಳನ್ನು ಕಳಿಸುವವರು. ಏನಿದೆ ಅದರಲ್ಲಿ? ಮಂಗಗಳು ಒಡೆದ ಹೆಂಚು. ಗೆದ್ದಲು ಹಿಡಿದ ರೀಪು. ಹೆಣ್ಣುಮಕ್ಕಳ ಶೌಚಾಲಯದ ಬಾಗಿಲಿಗೆ ಚಿಲಕ. ನೀರಿನ ಟ್ಯಾಂಕಿಗೆ ಮುಚ್ಚಳ. ದೊಡ್ಡ ಕುಕ್ಕರಿಗೆ ಗ್ಯಾಸ್ಕೆಟ್. ಆನೆ ಇದೆ ಅಂತ ಅರಣ್ಯ ಇಲಾಖೆಯ ಮೆಸೇಜು ಬಂದ ದಿನ ದೂರದ ಮನೆಗಳ ಮಕ್ಕಳನ್ನು ತಲುಪಿಸಲು ಆಟೋ ಬಾಡಿಗೆ. ಕಮಾನು ಇಲ್ಲ.

ಇವು ಮೇ ಒಳಗೆ ಆಗಬೇಕು. ಜೂನಿನಲ್ಲಿ ಮಳೆ ಹಿಡಿದರೆ ಮಾಡಿನ ಮೇಲೆ ಹತ್ತುವ ಹಾಗಿಲ್ಲ. ಹೆಂಚು ಕೈಯಾಡಿಸುವುದಕ್ಕೆ ರಜೆಯ ಈ ವಾರಗಳು ಬಿಟ್ಟರೆ ಬೇರೆ ಹೊತ್ತಿಲ್ಲ. ಮಳೆ ಜಾಸ್ತಿಯಾದಾಗ ಆಡಳಿತ ಹೇಗೂ ಮಳೆ ರಜೆ ಕೊಡುತ್ತದೆ, ಆ ದಿನಗಳ ಪಾಠವನ್ನು ಆಮೇಲೆ ಶನಿವಾರ ಪೂರ್ತಿ ಶಾಲೆ ನಡೆಸಿ ತೀರಿಸಬೇಕು. ಅದರ ಮೇಲೆ ಸೋರುವ ಕೋಣೆಯೂ ಇದ್ದರೆ ಎರಡು ಕ್ಲಾಸು ಒಂದೇ ಕೋಣೆಗೆ, ಒಬ್ಬರ ಮಗ್ಗಿ ಇನ್ನೊಬ್ಬರ ಪದ್ಯದ ಮೇಲೆ. ನಮ್ಮ ದುಡ್ಡು ಆಗಸ್ಟಿನಲ್ಲಿ ತಲುಪಿದರೆ ಆ ವರ್ಷ ಬಕೆಟ್ ಇಟ್ಟುಕೊಂಡೇ ಪಾಠ. ಆದ್ದರಿಂದ ಕೊಡುವುದಿದ್ದರೆ ಈಗ ಕೊಡಿ, ಅವರು ಕೇಳಿದ್ದನ್ನು ಕೊಡಿ. ಹೆಸರು ಬರೆಸಲು ಜಾಗ ಇಲ್ಲದ ವಸ್ತು ಆದರೆ ಇನ್ನೂ ಒಳ್ಳೇದು.

ಕೊಡುವ ದಾರಿಯ ಬಗ್ಗೆ ಒಂದು ಎಚ್ಚರಿಕೆ. ಸಂಘದ ಖಾತೆಯಿಂದ ಶಾಲೆಗೆ ನೇರವಾಗಿ ಕಳಿಸಿಬಿಡೋಣ ಅಂತ ಹಲವರು ಹೇಳುತ್ತಾರೆ. ಸುಮ್ನೆ ಹಾಗೆ ಕಳಿಸುವಂತಿಲ್ಲ. ವಿದೇಶಿ ದೇಣಿಗೆ ಕಾಯ್ದೆ, ಅಂದರೆ 2010ರ ಎಫ್‌ಸಿಆರ್‌ಎ, ನಮ್ಮ ಸಂಘದಂಥ ಹೊರದೇಶದ ಸಂಸ್ಥೆಯ ದುಡ್ಡನ್ನು ವಿದೇಶಿ ಮೂಲ ಅಂತಲೇ ನೋಡುತ್ತದೆ. ಬ್ರಿಟಿಷ್ ಪಾಸ್‌ಪೋರ್ಟ್ ತೆಗೆದುಕೊಂಡವರ ದುಡ್ಡೂ ಅಷ್ಟೇ. ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಓಸಿಐ ಕಾರ್ಡು ಇದ್ದರೂ ವಿನಾಯಿತಿ ಇಲ್ಲ. ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆ ಆಗುವುದಿಲ್ಲ. ಉಳಿದವರು ಎಫ್‌ಸಿಆರ್‌ಎ ನೋಂದಣಿ ಇರುವ ಸಂಸ್ಥೆಯ ಮೂಲಕವೇ ಹೋಗಬೇಕು. 2020ರ ತಿದ್ದುಪಡಿ ಆದ ಮೇಲೆ ಅಂಥ ಸಂಸ್ಥೆ ಆ ದುಡ್ಡನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತೆಯೂ ಇಲ್ಲ, ಕೆಲಸವನ್ನು ತಾನೇ ಮಾಡಿಸಬೇಕು. ಕಿರಿಕಿರಿ ನಿಜ. ಆದರೆ ನಮ್ಮ ಔದಾರ್ಯಕ್ಕೆ ಹೆಡ್ ಮಿಸ್ಸು ನೋಟಿಸಿಗೆ ಉತ್ತರ ಬರೆಯುತ್ತಾ ಕೂರುವ ಹಾಗೆ ಆಗಬಾರದು. ಅವರಿಗೆ ಬರೆಯಲು ಈಗಾಗಲೇ ಬೇಕಾದಷ್ಟು ಸುತ್ತೋಲೆಗಳಿವೆ.

ಸಂಘದಲ್ಲಿ ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಯವರು ಇದ್ದೀರಿ. ಮೂಡಿಗೆರೆ, ಕೊಪ್ಪದ ಕಡೆಯವರಿಗೆ ಮಳೆಯ ವಿಷಯ ನಾನು ಹೇಳಬೇಕಾಗಿಲ್ಲ. ಅರಸೀಕೆರೆ, ಕಡೂರಿನವರಿಗೆ ಹೆಂಚಿನ ಚಿಂತೆ ಇರಲಿಕ್ಕಿಲ್ಲ, ಕುಡಿಯುವ ನೀರಿನದ್ದು ಇರುತ್ತದೆ. ನಿಮ್ಮ ನಿಮ್ಮ ಶಾಲೆಗೆ ಈ ವಾರವೇ ಫೋನ್ ಮಾಡಿ. 'ಏನು ಕೊಡಲಿ' ಅಂತ ಕೇಳಿದರೆ ಸಂಕೋಚಕ್ಕೆ 'ಏನಾದರೂ ಸರಿ' ಅಂದುಬಿಡುತ್ತಾರೆ. 'ಮಳೆ ಹಿಡಿಯುವ ಮೊದಲು ಏನು ರಿಪೇರಿ ಆಗಬೇಕು' ಅಂತ ಕೇಳಿ, ಪಟ್ಟಿ ತಾನಾಗಿ ಬರುತ್ತದೆ. ಅದನ್ನು ಏಪ್ರಿಲ್ ಮುಗಿಯುವುದರೊಳಗೆ ನಮಗೂ ಕಳಿಸಿದರೆ, ಭಾರತದ ಪಾಸ್‌ಪೋರ್ಟ್ ಇರುವ ಯಾರು ಯಾವುದನ್ನು ವಹಿಸಿಕೊಳ್ಳಬಹುದು ಅಂತ ಖಜಾಂಚಿಯವರು ಹೊಂದಿಸಿ ಕೊಡುತ್ತಾರೆ. ನಮ್ಮ ಶಾಲೆಯ ಗ್ಯಾಸ್ಕೆಟ್ ಮತ್ತು ಚಿಲಕ ಆಗಲೇ ಹೋಗಿವೆ. ಹೆಂಚು, ರೀಪು ಇನ್ನೂ ಬಾಕಿ.