ಹಾಡು ಕಟ್ಟಿದವರ ಹೆಸರು

ಕಲಬುರಗಿ

ಚಿ. ಮಗಳಿಗೆ ಅಪ್ಪ ಮಾಡುವ ಆಶೀರ್ವಾದಗಳು. ನಾವೆಲ್ಲ ಇಲ್ಲಿ ಕ್ಷೇಮ. ಬಿಸಿಲಿನ ಸುದ್ದಿ ಬರೆಯುವುದಿಲ್ಲ, ಅದು ನಿನಗೆ ಗೊತ್ತಿದ್ದದ್ದೇ.

ನೀನು ಬರೆದ ಹಾಡಿಗೆ ನಿನ್ನ ಗೆಳೆಯರು ರಾಗ ಕೂಡಿಸಿ ಹಾಡಿದ ವಿಡಿಯೋ ನೋಡಿದೆ. ನಿಮ್ಮವ್ವ ಓಣಿಗೆಲ್ಲ ತೋರಿಸಿ ಬಂದಳು. ಹಾಡಿದವರ ಹೆಸರಿತ್ತು, ಗಿಟಾರ್ ನುಡಿಸಿದವನದಿತ್ತು, ಕ್ಯಾಮೆರಾ ಹಿಡಿದವನದೂ ಇತ್ತು. ನಿನ್ನದೊಂದೇ ಇರಲಿಲ್ಲ. ಕೇಳಿದರೆ "ಇರ್ಲಿ ಬಿಡಪ್ಪಾ, ಹಾಡು ಮಂದಿಗೆ ಮುಟ್ಟಿತಲ್ಲ" ಅಂದಿ. ಆ ಮಾತು ನನಗೆ ಒಪ್ಪಿಗೆಯಾಗಲಿಲ್ಲ. ಫೋನಿನಲ್ಲಿ ವಾದಕ್ಕಿಳಿದರೆ ನೀನೇ ಗೆಲ್ಲುತ್ತಿ, ಅದಕ್ಕೇ ಈ ಕಾಗದ.

ಪದ ಕಟ್ಟಿದವರಲ್ಲಿ ನನಗೆ ಎಲ್ಲರಿಗಿಂತ ಮೊದಲು ನೆನಪಾಗುವವರು ಕಡಕೋಳ ಮಡಿವಾಳಪ್ಪನವರು. ಹುಟ್ಟಿದ್ದು ಅಫಜಲಪುರ ತಾಲ್ಲೂಕಿನ ಬಿದನೂರು, ನೆಲೆ ನಿಂತದ್ದು ಈಗಿನ ಯಡ್ರಾಮಿ ತಾಲ್ಲೂಕಿನ ಕಡಕೋಳ. ಮಡಿ-ಮೈಲಿಗೆ ಎನ್ನುವವರ ಬಾಯಿ ಮುಚ್ಚಿಸಿದವರು. ಅವರ ಶಿಷ್ಯಬಳಗ ನೋಡು: ಚೆನ್ನೂರ ಜಲಾಲಸಾಹೇಬ, ಖೈನೂರ ಕೃಷ್ಣಪ್ಪ, ತೆಲಗಬಾಳ ರೇವಪ್ಪ. ಎಲ್ಲರೂ ತತ್ವಪದ ಕಟ್ಟಿದವರೇ. ಅಮಾವಾಸ್ಯೆ ಭಜನೆಯಲ್ಲಿ ಏಕತಾರಿ, ದಮ್ಮಡಿ ಹಿಡಿದು ಕೂತವರಲ್ಲಿ ಎಷ್ಟೋ ಜನಕ್ಕೆ ಅಕ್ಷರ ಬಾರದು. ಆದರೆ ಕೊನೆಯ ನುಡಿ ಬಂತೆಂದರೆ ಹಾಡುವವ ದನಿ ಇಳಿಸುತ್ತಾನೆ, ತಾಳ ನಿಧಾನವಾಗುತ್ತದೆ, ಪದ ಕಟ್ಟಿದವರ ಗುರುತಿನ ಹೆಸರಾದ ಅಂಕಿತವನ್ನು ಬಿಡಿಸಿ ಬಿಡಿಸಿ ಹೇಳುತ್ತಾನೆ. ಸುತ್ತ ಕೂತವರು ಕೈ ಮುಗಿಯುತ್ತಾರೆ. ಅಚ್ಚಾಗುವ ಎಷ್ಟೋ ವರ್ಷ ಮುಂಚೆ ಬಾಯಿಂದ ಬಾಯಿಗೆ ಬಂದ ಪದಗಳಿವು. ಹೆಸರು ಎಲ್ಲೂ ಉದುರಲಿಲ್ಲ, ಯಾಕೆಂದರೆ ಅದು ತಾಳದೊಳಗೇ ಕೂತಿತ್ತು. ತೆಗೆದರೆ ಪದ ಕುಂಟುತ್ತದೆ.

ಹೆಸರಿನ ಆಸೆ ಸಣ್ಣತನ ಅನ್ನುತ್ತಿ, ಗೊತ್ತು. ಬಸವಣ್ಣನವರು ಕೂಡಲಸಂಗಮದೇವ ಎಂದರು, ಪುರಂದರದಾಸರು ವಿಠಲನನ್ನು ಕರೆದರು, ಶರೀಫಸಾಹೇಬರು ಶಿಶುನಾಳಧೀಶ ಎಂದರು. ದೇವರ ಹೆಸರೇ ಇರಲಿ, ಕೇಳಿದವರಿಗೆ ಇದು ಯಾರ ಮಾತು ಎಂದು ತಿಳಿಯುತ್ತಿತ್ತೋ ಇಲ್ಲವೋ? ಅಹಂಕಾರ ಬಿಟ್ಟವರು ಕೂಡ ಗುರುತು ಬಿಡಲಿಲ್ಲ.

ಶರೀಫರ ಮಾತು ಬಂತು, ಅವರನ್ನು ಅಷ್ಟಕ್ಕೇ ಬಿಟ್ಟು ಮುಂದೆ ಹೋಗಲು ಮನಸ್ಸಿಲ್ಲ. "ಸೋರುತಿಹುದು ಮನೆಯ ಮಾಳಿಗಿ" ನಿನಗೆ ಸಿ. ಅಶ್ವತ್ಥರ ದನಿಯಲ್ಲಿ ಗೊತ್ತು. ಎಲ್ಲರೂ ಅದರ ತತ್ವ ಹೇಳುತ್ತಾರೆ. ನಾನು ಮೊದಲು ಮಾಳಿಗೆ ನೋಡುತ್ತೇನೆ. "ಮುರುಕು ತೊಲೆಯು ಹುಳುಕು ಜಂತಿ" ಅನ್ನುತ್ತಾರಲ್ಲ, ಮಣ್ಣಿನ ಮಾಳಿಗೆಯಲ್ಲಿ ಭಾರ ಹೊರುವುದು ತೊಲೆ, ಅದರ ಮೇಲೆ ಅಡ್ಡ ಜಂತಿ, ಆಮೇಲೆ ಮಣ್ಣು. ನಿನ್ನ ಮುತ್ಯಾ ಮಳೆಗಾಲದ ಮುಂಚೆ ಮಾಳಿಗೆ ಹತ್ತಿ ಸವುಳು ಮಣ್ಣು ಹರವುತ್ತಿದ್ದರು, ನಾನು ಕೆಳಗಿಂದ ಬುಟ್ಟಿ ಏರಿಸುತ್ತಿದ್ದೆ. ಒಂದು ವರ್ಷ ಬಿಟ್ಟರೆ ರಾತ್ರಿಯೆಲ್ಲ ಪಾತ್ರೆ ಇಡುವ ಕೆಲಸ. ಜಂತಿಗೆ ಹುಳ ಬಿದ್ದ ಮೇಲೆ ಯಾವ ಧೈರ್ಯದ ಮೇಲೆ ಮೇಲೆ ಹತ್ತುತ್ತಿ? 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡ ಆ ಮನುಷ್ಯ ಮನೆ ಕಟ್ಟುವವನಷ್ಟೇ ಲೆಕ್ಕ ಹಿಡಿದು ಬರೆದಿದ್ದಾರೆ. ನಿನ್ನ ಹಾಡಿನಲ್ಲಿ ಬಸ್ ಸ್ಟ್ಯಾಂಡಿನ ಸಾಲು ನನಗೆ ಹಿಡಿಸಿದ್ದು, "ಮೌನದ ಕಡಲು" ಹಿಡಿಸದೇ ಇದ್ದದ್ದು ಇದೇ ಕಾರಣಕ್ಕೆ. ನೀ ಯಾವ ಕಡಲು ನೋಡಿ ಬರೆದಿಯವ್ವಾ?

ನಮ್ಮೂರು 1948ರ ತನಕ ನಿಜಾಮರ ರಾಜ್ಯದಲ್ಲಿತ್ತು, ಹಾಗಾಗಿ ನಮ್ಮ ಕಿವಿಗೆ ಉರ್ದು ಹೊರಗಿನದಲ್ಲ. ಹೈದರಾಬಾದಿನ ಮಖ್ದೂಮ್ ಮೊಹಿಯುದ್ದೀನ್ ಉರ್ದು ಕವಿ, ಕಾರ್ಮಿಕ ಹೋರಾಟದ ಕಮ್ಯುನಿಸ್ಟ್ ನಾಯಕ. ಅವರ ಹೂಗಳ ಗಜಲ್ 1982ರ 'ಬಾಜಾರ್' ಸಿನಿಮಾಕ್ಕೆ ಬಂತು, ಖಯ್ಯಾಮ್ ರಾಗ ಕೂಡಿಸಿದರು, ಲತಾ ಮತ್ತು ತಲತ್ ಅಜೀಜ್ ಹಾಡಿದರು. ಅಷ್ಟೊತ್ತಿಗೆ ಮಖ್ದೂಮ್ ತೀರಿಕೊಂಡು ಹದಿಮೂರು ವರ್ಷ. ಆದರೆ ಗಜಲಿನ ಕೊನೆಯ ಎರಡು ಸಾಲಿನ ಶೇರ್‌ನಲ್ಲಿ ತಮ್ಮನ್ನೇ ಹೆಸರು ಹಿಡಿದು ಕರೆದುಕೊಂಡಿದ್ದಾರೆ. ತತ್ವಪದದ ಲೆಕ್ಕವೇ.

ಇಲ್ಲಿ ನನ್ನ ವಾದಕ್ಕೆ ನಾನೇ ಅಡ್ಡ ಬರಬೇಕು. ನಿಮ್ಮ ಆಯಿ ಬೀಸುಕಲ್ಲಿನ ಮುಂದೆ ಹಾಡುತ್ತಿದ್ದ ತ್ರಿಪದಿಗಳಿಗೆ ಯಾರ ಹೆಸರೂ ಇಲ್ಲ. ಜೋಳ ಬೀಸುವ ಹೆಂಗಸರ ಹೆಸರು ಯಾರು ಕೇಳಿದರು? ನಮ್ಮ ಕಡೆಯ ಉರ್ದುವಾದ ದಖ್ಖನಿಯಲ್ಲೂ ಚಕ್ಕೀನಾಮಾ ಎಂಬ ಬೀಸುವ ಹಾಡುಗಳಿವೆ, ಅವಕ್ಕೆ ಮಾತ್ರ ನಮ್ಮ ಕಲಬುರಗಿಯ ಸೂಫಿ ಸಂತ ಬಂದೇ ನವಾಜರಂಥ ದೊಡ್ಡವರ ಹೆಸರು ಹೇಳುತ್ತಾರೆ. ನೀನು ಹೆಣ್ಣುಮಗಳು, ಇದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಸಿನಿಮಾದಲ್ಲಿ ಹೆಸರು ಹಾಡಿನಿಂದ ಹೊರಗೆ ಬಿತ್ತು. ಎಮ್ಮೆಯ ಮೇಲೆ ಕೂತು ಹಾಡಿದ "ಯಾರೇ ಕೂಗಾಡಲಿ" ಎಲ್ಲರಿಗೂ ರಾಜಕುಮಾರ್ ಹಾಡು. 1974ರ 'ಸಂಪತ್ತಿಗೆ ಸವಾಲ್'ಗೆ ಅದನ್ನು ಬರೆದವರು ಚಿ. ಉದಯಶಂಕರ್. ಆಕಾಶವಾಣಿಯವರು ಹಾಡಿನ ಮುಂಚೆ ರಚನೆ ಯಾರದು ಎಂದು ಹೇಳುತ್ತಿದ್ದರು, ಅದರಿಂದಲೇ ನನಗೆ ವಿಜಯನಾರಸಿಂಹ, ಆರ್.ಎನ್. ಜಯಗೋಪಾಲ್ ಗೊತ್ತಾದದ್ದು. 1987ರಲ್ಲಿ 'ಪ್ರೇಮಲೋಕ' ಬಂದಾಗ ಹಂಸಲೇಖ ಮಾತು, ರಾಗ ಎರಡನ್ನೂ ತಾವೇ ಮಾಡಿ ಹೆಸರು ಉಳಿಸಿಕೊಂಡರು. ಪ್ರಾಸ ಕೆಲವು ಕಡೆ ಅತಿಯಾಯಿತೆಂದು ಈಗಲೂ ಅನ್ನುತ್ತೇನೆ, ಆದರೂ ಕ್ಯಾಸೆಟ್ ಸವೆಯುವ ಹಾಗೆ ಕೇಳಿದವ ನಾನು. ಜಯಂತ ಕಾಯ್ಕಿಣಿ 2006ರ 'ಮುಂಗಾರು ಮಳೆ'ಯಿಂದ ಮನೆಮಾತಾದರು. ಅವರ ಕತೆಗಳನ್ನೂ ಓದು.

ನೀನು ಮೆಚ್ಚುವ ಟೇಲರ್ ಸ್ವಿಫ್ಟ್ ಸುದ್ದಿ ನಿನ್ನ ತಮ್ಮನೇ ಹೇಳಿದ. 2019ರಲ್ಲಿ ಅವಳ ಹಳೆಯ ಹಾಡುಗಳ ಮೂಲ ಮುದ್ರಣ ಬೇರೆಯವರ ಪಾಲಾಯಿತು. ಮಾತು, ರಾಗದ ಹಕ್ಕು ಅವಳಲ್ಲಿತ್ತು, ಹಾಗಾಗಿ 2021ರಿಂದ ಹೊಸದಾಗಿ ಹಾಡಿ ಆಲ್ಬಮ್ಮಿನ ಹೆಸರಿನಲ್ಲೇ ತನ್ನ ಹೆಸರು ಸೇರಿಸಿದಳು. ಭಲೇ ಅನಿಸಿತು. ಅವನು ಕೇಳುವ ರ‍್ಯಾಪ್ ಹುಡುಗರಂತೂ ಹಾಡಿನ ನಡುವೆಯೇ ತಮ್ಮ ಹೆಸರು ಕೂಗಿಕೊಳ್ಳುತ್ತಾರೆ. ಗದ್ದಲ ಹೆಚ್ಚು, ಆದರೆ ಆ ಒಂದು ವಿಷಯದಲ್ಲಿ ಅವರು ಕಡಕೋಳದ ಕಡೆಯವರು.

ಹೆಸರು ಬರೀ ಮರ್ಯಾದೆಗಲ್ಲ. 2012ರಲ್ಲಿ ಕಾಪಿರೈಟ್ ಕಾಯ್ದೆಗೆ ತಿದ್ದುಪಡಿ ಬಂದು, ಸಿನಿಮಾ ಹಾಡು ಬೇರೆ ಕಡೆ ಬಳಕೆಯಾದಾಗ ಬರೆದವರಿಗೂ ರಾಯಧನದ ಪಾಲು ಸಿಗಬೇಕೆಂದಾಯಿತು. ಕವಿ ಜಾವೇದ್ ಅಖ್ತರ್ ರಾಜ್ಯಸಭೆಯಲ್ಲಿ ಅದಕ್ಕಾಗಿ ಗಟ್ಟಿಯಾಗಿ ಮಾತಾಡಿದರು. ಯಾರು ಬರೆದದ್ದೆಂದೇ ಗೊತ್ತಿಲ್ಲದಿದ್ದರೆ ಯಾವ ಕಾಯ್ದೆ ಏನು ಮಾಡೀತು?

ಗೆಳೆಯರ ಜೊತೆ ಜಗಳ ಬೇಡ. "ರಚನೆ" ಎಂದು ಒಂದು ಸಾಲು ಸೇರಿಸಲು ಹೇಳು, ಐದು ನಿಮಿಷದ ಕೆಲಸ. ಮುಂದಿನ ಹಾಡಿಗೆ ಒಂದು ಅಂಕಿತ ಹುಡುಕಿಕೋ. ಅಮಾವಾಸ್ಯೆಗೆ ರಜೆ ಸಿಕ್ಕರೆ ಬಾ, ಕಡಕೋಳಕ್ಕೆ ಹೋಗಿ ರಾತ್ರಿ ಭಜನೆಗೆ ಕೂಡೋಣ. ನಿಮ್ಮವ್ವ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿ ಬಸ್ಸಿನಲ್ಲಿ ಕಳಿಸಿದ್ದಾಳೆ. ಮುಟ್ಟಿದ ಕೂಡಲೇ ಅವಳಿಗೆ ಫೋನ್ ಮಾಡು, ನನಗಲ್ಲ.

ಇಂತಿ,
ನಿನ್ನ ಅಪ್ಪ